ಕೋಚ್ ಆಗಿರುವ ಗೆಳೆಯನಿಗೆ: ಓಡಿಸಬೇಡ, ಕೂರಿಸು

ಪ್ರೀತಿಯ ಗೆಳೆಯಾ,

ನಿನ್ನ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಟ ನಡೆಸುವ ಪಾಯಿಂಟ್ ಗಾರ್ಡ್ ಹುಡುಗನ ವಿಷಯ ಫೋನಿನಲ್ಲಿ ಅರ್ಧಕ್ಕೇ ನಿಂತಿತು. ಅವನು ಮತ್ತೆ ತಡವಾಗಿ ಬಂದ, ಕೇಳಿದ್ದಕ್ಕೆ ಎದುರು ಮಾತಾಡಿದ, ಮಧ್ಯಾಹ್ನದ ಬಿಸಿಲಲ್ಲಿ ನೀರು ಕುಡಿಯಲು ಬಿಡದೆ ಸೂಸೈಡ್ (ಕೋರ್ಟಿನ ಒಂದೊಂದು ಗೆರೆಗೂ ಓಡಿ ಹಿಂದಿರುಗುವ ಓಟ) ಓಡಿಸಿದೆ ಎಂದೆ. ಅದೇ ದಿನ ತಡವಾಗಿ ಬಂದ, ದೂರದ ಬದ್ಲಾಪುರದ ಹುಡುಗನನ್ನೂ ಓಡಿಸಿದೆಯಂತೆ. ಮುಂದಿನ ವಾರದ ಪಂದ್ಯಕ್ಕೆ ಗಾರ್ಡ್‌ನನ್ನು ಆಡಿಸಲೋ, ತಂಡದಿಂದಲೇ ತೆಗೆದುಬಿಡಲೋ ಎಂದು ಕೇಳಿದೆ. ಇದನ್ನೆಲ್ಲ ಫೋನಿನಲ್ಲಿ ಮಾತಾಡಿದರೆ ಜಗಳವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಬೇರೆ ಕೋಚ್‌ಗಳೂ ಓದಲಿ ಎಂದು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ಹೆಸರು ಯಾರದ್ದೂ ಇಲ್ಲ, ಚಿಂತೆ ಬೇಡ.

ಶಿಸ್ತು ಬೇಕು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಕೋರ್ಟಿನಲ್ಲಿರುವುದು ಐದೇ ಜನ. ಒಬ್ಬ ಡಿಫೆನ್ಸ್‌ಗೆ ಓಡಿ ಬರದಿದ್ದರೆ ನಾಲ್ವರು ಸೇರಿ ಐವರನ್ನು ತಡೆಯಬೇಕು. 24 ಸೆಕೆಂಡಿನೊಳಗೆ ಶಾಟ್ ಹೊಡೆಯಬೇಕಾದ ಆಟದಲ್ಲಿ ಒಬ್ಬನ ಸೋಮಾರಿತನ ಆಗಿಂದಾಗಲೇ ಸ್ಕೋರ್‌ಬೋರ್ಡಿನಲ್ಲಿ ಕಾಣುತ್ತದೆ. ನೀನು ಬಿಗಿಯಾಗಿರು. ಆದರೆ ಆ ಓಡಿಸುವ ಶಿಕ್ಷೆ ಇವತ್ತೇ ನಿಲ್ಲಿಸು.

ನೀನು ಧಾರವಾಡದಿಂದ ಮುಂಬೈಗೆ ಈಗಷ್ಟೇ ಬಂದವನು. ಇಲ್ಲಿಯ ಬಿಸಿಲು ಬೇರೆ. ಬೆವರು ಆರಿದರೆ ತಾನೇ ಮೈ ತಂಪಾಗುವುದು? ಸಮುದ್ರದ ಗಾಳಿಯಲ್ಲಿ ತೇವ ಜಾಸ್ತಿ. ಬೆವರು ಆರುವುದಿಲ್ಲ, ಸುಮ್ನೆ ಸುರಿಯುತ್ತದೆ. ಒಳಗಿನ ಬಿಸಿ ಏರುತ್ತಲೇ ಹೋಗುತ್ತದೆ. ನೀರಿಲ್ಲದೆ ಹಾಗೆ ಓಡಿಸಿದರೆ ಹುಡುಗ ತಲೆ ತಿರುಗಿ ಬೀಳಬಹುದು, ಸ್ನಾಯು ಹಾಳಾಗಿ ಕಿಡ್ನಿಗೆ ಪೆಟ್ಟಾಗಬಹುದು, ಜೀವವೇ ಹೋಗಬಹುದು. ಹೆದರಿಸಲು ಹೇಳುತ್ತಿಲ್ಲ. ಆಟಗಾರರು ಹೀಗೆ ಸತ್ತದ್ದಿದೆ. ನೀರು ಶಿಕ್ಷೆಯ ಸಾಮಾನಲ್ಲ. ಅವನು ಏನೇ ತಪ್ಪು ಮಾಡಿರಲಿ, ನೀರು ಕೇಳಿದರೆ ಕೊಡಬೇಕು.

ಇನ್ನೊಂದು ಮಾತು. ಓಡುವುದೇ ನಮ್ಮ ಆಟ. ಅದನ್ನೇ ಶಿಕ್ಷೆ ಮಾಡಿಬಿಟ್ಟರೆ ಪಂದ್ಯದ ಕೊನೆಯ ಭಾಗವಾದ ನಾಲ್ಕನೇ ಕ್ವಾರ್ಟರ್‌ನಲ್ಲಿ ಅವನು ಯಾಕೆ ಮನಸ್ಸಿಟ್ಟು ಓಡುತ್ತಾನೆ ಹೇಳು?

"ನಮಗೂ ಹೊಡೆದೇ ಕಲಿಸಿದರು, ನಾವೇನು ಕೆಟ್ಟೆವಾ?" ಎಂದು ನೀನು ಕೇಳುತ್ತೀ, ಗೊತ್ತು. ಆಗ ನಮ್ಮ ಜೊತೆ ಆಡುತ್ತಿದ್ದ ಎಡಗೈ ಹುಡುಗ ನೆನಪಿದ್ದಾನಾ? ಇಡೀ ತಂಡದಲ್ಲಿ ಅವನಷ್ಟು ಚೆನ್ನಾಗಿ ಶೂಟ್ ಮಾಡುವವರು ಯಾರೂ ಇರಲಿಲ್ಲ. ಎಲ್ಲರೆದುರು ಅವನ ಕೆನ್ನೆಗೆ ಬಿತ್ತು. ಮರುದಿನದಿಂದ ಅವನು ಮೈದಾನದ ಕಡೆ ಬರಲಿಲ್ಲ. ಹೊಡೆತ ತಿಂದೂ ಉಳಿದವರು ನಾವು. ಉಳಿದವರನ್ನಷ್ಟೇ ನೋಡಿ "ಹೊಡೆದದ್ದರಿಂದ ಕಲಿತೆವು" ಅನ್ನುತ್ತೇವೆ. ಬಿಟ್ಟುಹೋದವರನ್ನು ಯಾರು ಕೇಳಿದ್ದಾರೆ? ಉಳಿದ ನಾವು ಕೂಡ ಹೊಡೆತಕ್ಕಾಗಿ ಉಳಿಯಲಿಲ್ಲ. ಆಟದ ಹುಚ್ಚು ಇತ್ತು, ಉಳಿದೆವು.

ನಿನಗೆ ಅಮೆರಿಕದ ಕೋಚ್ ಬಾಬಿ ನೈಟ್ ಅಂದರೆ ಇಷ್ಟ. ಅವರ ಇಂಡಿಯಾನಾ ವಿಶ್ವವಿದ್ಯಾಲಯದ ತಂಡ 1976ರಲ್ಲಿ 32ಕ್ಕೆ 32 ಪಂದ್ಯ ಗೆದ್ದು ಚಾಂಪಿಯನ್ ಆಯಿತು. 1981 ಮತ್ತು 1987ರಲ್ಲೂ ಅವರ ಕೈಕೆಳಗೇ ಚಾಂಪಿಯನ್ ಪಟ್ಟ ಬಂತು. ಆಟ ಬಲ್ಲ ಮನುಷ್ಯ, ಒಪ್ಪುತ್ತೇನೆ. ಆದರೆ 1985ರಲ್ಲಿ ಪಂದ್ಯದ ನಡುವೆ ಕೋರ್ಟಿನೊಳಗೆ ಕುರ್ಚಿ ಎಸೆದದ್ದೂ ಅವರೇ. 1997ರ ಒಂದು ಪ್ರಾಕ್ಟೀಸ್‌ನಲ್ಲಿ ಆಟಗಾರನ ಕುತ್ತಿಗೆಗೆ ಕೈ ಹಾಕಿದ ವಿಡಿಯೊ 2000ದಲ್ಲಿ ಹೊರಬಂತು. ಇನ್ನೊಂದು ಸಲ ಹೀಗಾದರೆ ಸಹಿಸುವುದಿಲ್ಲ ಎಂದು ವಿಶ್ವವಿದ್ಯಾಲಯ ಎಚ್ಚರಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೆಲಸದಿಂದ ತೆಗೆಯಿತು. 2013ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ಕೋಚ್ ಮೈಕ್ ರೈಸ್ ಪ್ರಾಕ್ಟೀಸ್‌ನಲ್ಲಿ ಹುಡುಗರ ಮೈಮೇಲೆ ಚೆಂಡು ಎಸೆಯುತ್ತ, ಕೆಟ್ಟದಾಗಿ ಬಯ್ಯುತ್ತಿದ್ದ ವಿಡಿಯೊ ಟಿವಿಯಲ್ಲಿ ಬಂತು. ಅವರ ಕೆಲಸವೂ ಹೋಯಿತು. ನೈಟ್ ಗೆದ್ದದ್ದು ಸಿಟ್ಟಿನಿಂದ ಎಂದು ನೀನು ನಂಬಿದ್ದೀಯ. ಆಟ ತಿಳಿದಿದ್ದರಿಂದ ಗೆದ್ದರು ಎಂದು ನನ್ನ ನಂಬಿಕೆ. ಸಿಟ್ಟು ಮಾತ್ರ ಇದ್ದ ಕೋಚ್‌ಗಳನ್ನು ನಾವಿಬ್ಬರೂ ಬೇಕಾದಷ್ಟು ನೋಡಿದ್ದೇವೆ, ಅಲ್ವಾ?

ಬಿಗಿ ಅಂದರೆ ಹೇಗಿರಬೇಕು ಎನ್ನುವುದಕ್ಕೆ ನಾನು ಅಮೆರಿಕದ ಇನ್ನೊಬ್ಬ ಕೋಚ್ ಜಾನ್ ವುಡನ್‌ರನ್ನು ನೋಡುತ್ತೇನೆ. ಅವರ ಯುಸಿಎಲ್‌ಎ (ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯ) ತಂಡಕ್ಕೆ 1964ರಿಂದ 1975ರವರೆಗೆ, 12 ವರ್ಷದಲ್ಲಿ 10 ಸಲ ಚಾಂಪಿಯನ್ ಪಟ್ಟ. ಮೊದಲ ದಿನ ಅವರು ಕಲಿಸುತ್ತಿದ್ದದ್ದು ಕಾಲುಚೀಲ ಮಡಿಕೆ ಬೀಳದಂತೆ ಹಾಕುವುದು, ಶೂ ಲೇಸ್ ಸರಿಯಾಗಿ ಕಟ್ಟುವುದು. ಕಾಲಿಗೆ ಬೊಕ್ಕೆ ಬಂದರೆ ಆಡಲಾಗುವುದಿಲ್ಲ, ಅದಕ್ಕೆ. ಬಿಲ್ ವಾಲ್ಟನ್ ಅವರ ದೊಡ್ಡ ಸ್ಟಾರ್. ಒಂದು ಸಲ ನಿಯಮ ಮೀರಿ ಕೂದಲು ಗಡ್ಡ ಬಿಟ್ಟುಕೊಂಡು ಬಂದ, ಇದು ನನ್ನ ಹಕ್ಕು ಅಂದ. ವುಡನ್ ಕೂಗಾಡಲಿಲ್ಲ. ನಿನ್ನ ನಂಬಿಕೆಗೆ ಗೌರವವಿದೆ, ಆದರೆ ನೀನಿಲ್ಲದೆ ನಮಗೆ ಬೇಜಾರಾಗುತ್ತದೆ ಎಂಬರ್ಥದ ಮಾತು ಹೇಳಿದರು. ವಾಲ್ಟನ್ ಸೈಕಲ್ ಹತ್ತಿ ಕ್ಷೌರಕ್ಕೆ ಓಡಿದ. ಕೂದಲಿನ ನಿಯಮ ನನಗೆ ಒಪ್ಪಿಗೆಯಿಲ್ಲ. ನಿನ್ನ ಪಟ್ಟಿಯಲ್ಲಿರುವ ಹೇರ್‌ಸ್ಟೈಲ್, ಟ್ಯಾಟೂ ನಿಯಮಗಳನ್ನೂ ತೆಗೆದುಹಾಕು, ಅವುಗಳಿಂದ ಒಂದು ಪಾಸ್ ಕೂಡ ಸುಧಾರಿಸುವುದಿಲ್ಲ. ಆದರೆ ಅವರ ರೀತಿ ನನಗೆ ಇಷ್ಟ: ಸ್ಟಾರ್‌ಗೂ ಅದೇ ನಿಯಮ, ಕೂಗಾಟವಿಲ್ಲ, ಮೈ ಮುಟ್ಟುವುದಿಲ್ಲ, ಶಿಕ್ಷೆ ಅಂದರೆ ಆಡಲು ಸಿಗುವುದಿಲ್ಲ. ಈ ವಯಸ್ಸಿನ ಹುಡುಗರಿಗೆ ಅದಕ್ಕಿಂತ ನೋವಿನ ಶಿಕ್ಷೆ ಯಾವುದಿದೆ?

ಇನ್ನು ತಡವಾಗಿ ಬರುವ ವಿಷಯ. ಧಾರವಾಡದಲ್ಲಿ ಸೈಕಲ್ ತುಳಿದರೆ ಮೈದಾನ ಸಿಗುತ್ತಿತ್ತು. ಇಲ್ಲಿ ಬದ್ಲಾಪುರದಿಂದ ದಾದರ್‌ಗೆ ಬರುವ ಹುಡುಗ ಬೆಳಗಿನ ಜಾವ ಎದ್ದು ಲೋಕಲ್ ಹಿಡಿದಿರುತ್ತಾನೆ. ಮಳೆಗಾಲದಲ್ಲಿ ಕುರ್ಲಾ, ಸಾಯನ್ ಹತ್ತಿರ ಹಳಿ ಮೇಲೆ ನೀರು ನಿಂತರೆ ಗಾಡಿಯೂ ನಿಲ್ಲುತ್ತದೆ. ನೀನು ಪ್ರಾಕ್ಟೀಸ್ ಇಟ್ಟುಕೊಂಡಿರುವುದು ಭಾನುವಾರ. ಭಾನುವಾರ ಹಳಿ ಕೆಲಸಕ್ಕೆಂದು ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಇರುತ್ತದೆ, ಶನಿವಾರವೇ ನೋಡಿಕೊಂಡು ಸಮಯ ಇಡು. ಇದು ಕೋಚ್‌ನ ಕೆಲಸವೇ. ನಾನಾಗಿದ್ದರೆ ಒಂದೇ ನಿಯಮ ಇಡುತ್ತಿದ್ದೆ: ತಡವಾಗುತ್ತದೆ ಎಂದು ಗೊತ್ತಾದ ಕೂಡಲೇ ಮೆಸೇಜ್ ಮಾಡಬೇಕು. ರೈಲು ಅವನ ಕೈಯಲ್ಲಿಲ್ಲ, ಮೆಸೇಜ್ ಇದೆ. ಬದ್ಲಾಪುರದ ಹುಡುಗ ಕಲ್ಯಾಣದಿಂದಲೇ ತಿಳಿಸಿದ್ದನಂತಲ್ಲ! ಅವನನ್ನು ಓಡಿಸಿದ್ದು ಅನ್ಯಾಯ. ಅವನ ಹತ್ತಿರ ನೀನೇ ಹೋಗಿ ತಪ್ಪಾಯಿತು ಅನ್ನು. ಗಾರ್ಡ್ ಹುಡುಗನ ಮನೆ ಕಾಲೇಜಿನಿಂದ ನಡೆದು ಬರುವಷ್ಟು ಹತ್ತಿರ. ಅವನಿಗೆ ನೆಪವಿಲ್ಲ.

ಓದಿನಲ್ಲಿ ಮಾತ್ರ ಈಗಿರುವುದಕ್ಕಿಂತ ಬಿಗಿಯಾಗು. ಸ್ಪೋರ್ಟ್ಸ್ ಕೋಟಾದಲ್ಲಿ ಬಂದ ಹುಡುಗರು ಕ್ಲಾಸಿಗೆ ಹೋಗುವುದಿಲ್ಲ, 75 ಶೇಕಡಾ ಹಾಜರಿ ತುಂಬದೆ ಕೊನೆಗೆ ಪತ್ರ ಬರೆದುಕೊಡಿ ಎಂದು ನಿನ್ನ ಹತ್ತಿರ ಬರುತ್ತಾರೆ. ಬರೆದುಕೊಡಬೇಡ. 1999ರಲ್ಲಿ ಕ್ಯಾಲಿಫೋರ್ನಿಯಾದ ರಿಚ್ಮಂಡ್ ಹೈಸ್ಕೂಲಿನ ಕೋಚ್ ಕೆನ್ ಕಾರ್ಟರ್ ಒಂದೂ ಪಂದ್ಯ ಸೋಲದ ತನ್ನದೇ ತಂಡಕ್ಕೆ ಜಿಮ್ ಬಾಗಿಲು ಹಾಕಿ ಬೀಗ ಜಡಿದರು, ಹುಡುಗರು ಓದಿನಲ್ಲಿ ಹಿಂದೆ ಬಿದ್ದರೆಂದು. ಊರವರು ಬೈದರೂ ತೆಗೆಯಲಿಲ್ಲ. ಆ ಬಿಗಿ ನನಗೆ ತುಂಬಾ ಇಷ್ಟ. ಅದರಿಂದ ನಷ್ಟ ಆಗುವುದಿದ್ದರೆ ಕೋಚ್‌ಗೂ ಆಗುತ್ತಿತ್ತು. ನಮ್ಮಲ್ಲಿ ಎಷ್ಟು ಹುಡುಗರಿಗೆ ಆಟದಿಂದ ಹೊಟ್ಟೆ ತುಂಬುತ್ತದೆ? ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಕೆಲಸ ಸಿಕ್ಕವರು ಪುಣ್ಯವಂತರು. ಉಳಿದವರಿಗೆ ಆ ಡಿಗ್ರಿಯೇ ಗತಿ.

ಎದುರು ಮಾತಾಡಿದ ಅಂದೆಯಲ್ಲ, ಏನು ಮಾತಾಡಿದ? "ಝೋನ್ ಬಿಟ್ಟು ಮ್ಯಾನ್‌ಟುಮ್ಯಾನ್ ಯಾಕೆ ಆಡಬಾರದು ಸರ್" ಎಂದು, ಅಂದರೆ ಜಾಗ ಕಾಯುವ ಬದಲು ಒಬ್ಬೊಬ್ಬ ಎದುರಾಳಿಯನ್ನು ಯಾಕೆ ಕಾಯಬಾರದು ಎಂದು ಕೇಳಿದ್ದರೆ ಅದು ಪ್ರಶ್ನೆ. ಪಾಯಿಂಟ್ ಗಾರ್ಡ್ ಕೇಳಲೇಬೇಕು, ಕೋರ್ಟಿನಲ್ಲಿ ಅವನೇ ನಿನ್ನ ಬಾಯಿ. ನಿನ್ನನ್ನೋ ಜೊತೆಗಾರರನ್ನೋ ಬೈದಿದ್ದರೆ ಅದು ಬೇರೆ. ನೀನೂ ಬಾಯಿ ಕಟ್ಟಿಕೋ. ರೆಫರಿ ಮೇಲೆ ಕೂಗಾಡಿ ಕೋಚ್ ಎರಡು ಟೆಕ್ನಿಕಲ್ ಫೌಲ್ (ಕೆಟ್ಟ ನಡತೆಗೆ ಕೊಡುವ ಫೌಲ್) ತೆಗೆದುಕೊಂಡರೆ ಆಟದ ನಿಯಮವೇ ಅವನನ್ನು ಹೊರಗೆ ಕಳಿಸುತ್ತದೆ. ಹುಡುಗರು ಅದನ್ನೂ ನೋಡುತ್ತಿರುತ್ತಾರೆ.

ಈಗ ಪಂದ್ಯದ ವಿಷಯ. ತಂಡದಿಂದ ತೆಗೆಯಬೇಡ. ಮೊದಲ ಕ್ವಾರ್ಟರ್ ಪೂರ್ತಿ, ಹತ್ತು ನಿಮಿಷ, ಬೆಂಚಿನಲ್ಲಿ ಕೂರಿಸು. ಹಿಂದಿನ ದಿನವೇ ಅವನೊಬ್ಬನನ್ನೇ ಕರೆದು ಕಾರಣ ಹೇಳು, ಎಲ್ಲರೆದುರು ಬೇಡ. ಆ ಹತ್ತು ನಿಮಿಷದಲ್ಲಿ ಹದಿನೈದು ಪಾಯಿಂಟ್ ಹಿಂದೆ ಬಿದ್ದರೂ ಎಬ್ಬಿಸಬೇಡ. ಪ್ರಿನ್ಸಿಪಾಲ್ ಬಂದು ಕಿವಿಯಲ್ಲಿ ಹೇಳಿದರೂ ಎಬ್ಬಿಸಬೇಡ. ಸೋತರೆ ಸೋಲಲಿ. ಎರಡನೇ ಕ್ವಾರ್ಟರ್‌ಗೆ ಅವನನ್ನು ಇಳಿಸು, ಆಮೇಲೆ ಆ ವಿಷಯ ಮತ್ತೆ ಎತ್ತಬೇಡ.

ನಾನೂ ಪಂದ್ಯಕ್ಕೆ ಬರುತ್ತೇನೆ. ಮಾಟುಂಗಾದಿಂದ ಎಷ್ಟು ದೂರ ಮಹಾ! ಬದ್ಲಾಪುರದ ಹುಡುಗನ ಹತ್ತಿರ ಅಷ್ಟರೊಳಗೆ ಮಾತಾಡಿರು.

ನಿನ್ನ ಗೆಳೆಯ