ಮೊಮ್ಮಗಳ ಹೈಸ್ಕೂಲಿನ ಬಗ್ಗೆ ಅಪ್ಪನಿಗೆ

ನ್ಯೂಯಾರ್ಕ್

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳ ನಮಸ್ಕಾರಗಳು.

ಮೊಮ್ಮಗಳಿಗೆ ಬ್ರಾಂಕ್ಸ್ ಸೈನ್ಸ್ ಹೈಸ್ಕೂಲಿನಲ್ಲಿ ಸೀಟು ಸಿಕ್ಕಿತೆಂದು ತಿಳಿಸಿದಾಗ ನೀವು, "ಇನ್ನು ದೊಡ್ಡ ಕಾಲೇಜೂ ಸಿಕ್ಕಿದ ಹಾಗೆಯೇ" ಎಂದಿರಿ. ನಿಮ್ಮ ಸಂತೋಷಕ್ಕೆ ಅಡ್ಡಿಯಾಗಬಾರದೆಂದು ಆಗ ಸುಮ್ಮನಿದ್ದೆ. ಆದರೆ ಪಕ್ಕದಲ್ಲೇ ಇದ್ದ ಅವಳೂ ಆ ಮಾತನ್ನು ಕೇಳಿಸಿಕೊಂಡಳು. ಅದು ಅವಳಿಗೆ ಹೊರೆಯಾಗಬಾರದೆಂದು ಈ ಪತ್ರ ಬರೆಯುತ್ತಿದ್ದೇನೆ.

ಇವಳ ಶಾಲೆಯಂತೆ ಪರೀಕ್ಷೆಯ ಅಂಕದ ಮೇಲೆ ಮಕ್ಕಳನ್ನು ಆರಿಸುವ ಎಂಟು ಸರ್ಕಾರಿ ಹೈಸ್ಕೂಲುಗಳಿಗಾಗಿ ಇಲ್ಲಿ ವರ್ಷಕ್ಕೆ ಸುಮಾರು 25,000 ಮಕ್ಕಳು ಪ್ರವೇಶ ಪರೀಕ್ಷೆ ಬರೆಯುತ್ತಾರೆ. ಅವುಗಳಲ್ಲಿ ಒಟ್ಟು ಸುಮಾರು 4,000 ಮಂದಿಗೆ ಸೀಟು ದೊರೆಯುತ್ತದೆ. ಹೀಗೆ ಸೋಸಿ ತೆಗೆದ ಮಕ್ಕಳು ಮುಂದೆ ಹೆಸರಾಂತ ಕಾಲೇಜು ಸೇರಿದರೆ ಆ ಶ್ರೇಯಸ್ಸು ಶಾಲೆಯದೋ, ಮೊದಲೇ ಚುರುಕಾಗಿದ್ದ ಮಕ್ಕಳದೋ? ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದ ಜೋಶುವಾ ಆಂಗ್ರಿಸ್ಟ್ ಮತ್ತು ಅವರ ಸಹೋದ್ಯೋಗಿಗಳು, ಬೋಸ್ಟನ್ ಹಾಗೂ ನ್ಯೂಯಾರ್ಕಿನ ಇಂಥ ಶಾಲೆಗಳಿಗೆ ಸ್ವಲ್ಪದರಲ್ಲೇ ಆಯ್ಕೆಯಾದವರನ್ನೂ ಸ್ವಲ್ಪದರಲ್ಲೇ ತಪ್ಪಿಹೋದವರನ್ನೂ ಹೋಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಬ್ಬರ ಮುಂದಿನ ಪರೀಕ್ಷಾಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ನ್ಯೂಯಾರ್ಕಿನ ಮೂರು ಶಾಲೆಗಳ ಬಗ್ಗೆ ಬಂದ ಇನ್ನೊಂದು ಅಧ್ಯಯನದ ಪ್ರಕಾರ, ಸೇರಿದ ಕಾಲೇಜಿನ ಮಟ್ಟದಲ್ಲೂ ಹೆಚ್ಚಿನ ಅಂತರವಿರಲಿಲ್ಲ. ಆ ಮೂರರಲ್ಲಿ ಇವಳ ಶಾಲೆಯೂ ಒಂದು. ಹೂವಿನ ಜೊತೆ ನಾರೂ ಸ್ವರ್ಗ ಸೇರುತ್ತದೆಂಬ ನಮ್ಮ ನಂಬಿಕೆ ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ.

ಕಾಲೇಜಿನವರು ಅರ್ಜಿಯನ್ನು ಓದುವಾಗ, ಆ ಶಾಲೆಯಲ್ಲಿ ಯಾವ ಕಠಿಣ ವಿಷಯಗಳಿದ್ದವು, ಅವುಗಳಲ್ಲಿ ವಿದ್ಯಾರ್ಥಿ ಎಷ್ಟನ್ನು ಆರಿಸಿಕೊಂಡ ಎಂಬುದನ್ನೂ ನೋಡುತ್ತಾರೆ. ಹೀಗಾಗಿ ಒಳ್ಳೆಯ ಶಾಲೆಯಲ್ಲಿ ಅವಕಾಶದ ಜೊತೆಗೆ ನಿರೀಕ್ಷೆಯೂ ಬೆಳೆಯುತ್ತದೆ. ಟೆಕ್ಸಸ್ ರಾಜ್ಯವಂತೂ 1997ರಲ್ಲಿ, ಪ್ರತಿ ಹೈಸ್ಕೂಲಿನ ಮೊದಲ ಶೇ. 10ರಷ್ಟು ಮಕ್ಕಳಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶದ ಭರವಸೆ ಕೊಟ್ಟಿತು. ಅಂಥ ನಿಯಮವಿದ್ದಲ್ಲಿ ಸಾಧಾರಣ ಶಾಲೆಯಲ್ಲಿ ಮುಂದಿರುವ ಮಗುವಿಗೇ ದಾರಿ ಸುಲಭ.

ಇಷ್ಟೆಲ್ಲ ತಿಳಿದೂ ಸೀಟನ್ನು ಒಪ್ಪಿಕೊಂಡಿದ್ದೇವೆ. ಶಾಲೆ ನೋಡಲು ಹೋದ ದಿನ ಪ್ರಯೋಗಾಲಯದಲ್ಲಿ ಕೊಳದ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟಿದ್ದರು. ಇವಳು ಒಂದು ಕಣ್ಣು ಮುಚ್ಚಿ ಬಗ್ಗಿದವಳು, ಹಿಂದೆ ಸಾಲು ಬೆಳೆದರೂ ತಲೆಯೆತ್ತಲಿಲ್ಲ. ಕೈ ಮಾತ್ರ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಲೇ ಇತ್ತು. ದಿನಕ್ಕೆ ಎರಡೂವರೆ ಗಂಟೆಯ ರೈಲು ಪ್ರಯಾಣಕ್ಕೆ ನಾನು ಒಪ್ಪಿದ್ದು ಅದಕ್ಕಾಗಿ.

ಭಾನುವಾರ ಫೋನ್ ಮಾಡಿದಾಗ ಕಾಲೇಜಿನ ಮಾತೆತ್ತದೆ, ಆ ಹನಿಯಲ್ಲಿ ಏನು ಕಂಡಿತೆಂದು ಅವಳನ್ನು ಕೇಳಿ ಅಪ್ಪಾ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಮಗಳು