ಏಳು ಯಾರಿಗೆ ಕೊಡಬೇಕು?

ಪ್ರೀತಿಯ ಮಂಜ,

ನಿನ್ನ ವಾಯ್ಸ್ ಮೆಸೇಜು ಎರಡು ಸಲ ಕೇಳಿದೆ. ಮೂರು ನಿಮಿಷ ಮಗಳನ್ನ ಕ್ಲಿನಿಕಲ್ ಸೈಕಾಲಜಿಗೆ, ಅಂದ್ರೆ ಮನೋರೋಗಿಗಳ ಪರೀಕ್ಷೆ, ಚಿಕಿತ್ಸೆಯ ಓದಿಗೆ ಸೇರಿಸೋ ಬಗ್ಗೆ, ಒಂದು ನಿಮಿಷ ನಿನ್ನ ಬ್ರಾಂಚಿನ ಆಡಿಟ್ ಬಗ್ಗೆ. ಆಡಿಟ್ಟಿಗೆ ನನ್ನ ಹತ್ತಿರ ಮದ್ದಿಲ್ಲ. ಮಗಳ ವಿಷಯ ಫೋನಲ್ಲಿ ಹೇಳೋಕೆ ಹೊರಟರೆ ನೀನು ಅರ್ಧಕ್ಕೇ ತಡೆದು, "ಒಟ್ಟಲ್ಲಿ ಸೇರಿಸಲೋ ಬೇಡವೋ, ಅಷ್ಟು ಹೇಳು" ಅಂತೀಯ. ಅದಕ್ಕೇ ಬರೀತಿದ್ದೀನಿ. ಓದ್ತಾ ಇರೋವಾಗ ನಡುವೆ ಬಾಯಿ ಹಾಕೋಕಾಗಲ್ಲವಲ್ಲ.

ಆರು ತಿಂಗಳ ಆನ್‌ಲೈನ್ ಡಿಪ್ಲೊಮಾ ಮಾಡಿಕೊಂಡರೆ ಬೋರ್ಡು ಹಾಕಬಹುದು ಅಂತ ಯಾರೋ ಹೇಳಿದ್ರು ಅಂದೆ. ಎಂ.ಎಸ್ಸಿ. ಮುಗಿಸಿದ ಮೇಲೂ ಎರಡು ವರ್ಷ ಹುಚ್ಚಾಸ್ಪತ್ರೆಯಲ್ಲಿ ಯಾಕೆ ಕೊಳೀಬೇಕು ಅಂತ ಅಮ್ಮ ಕೇಳ್ತಾರೆ ಅಂದೆ. ಅಮ್ಮನ ಪ್ರಶ್ನೆ ಒಳ್ಳೇದು. ಅದಕ್ಕೆ ಕಾನೂನಿನ ಉತ್ತರ ಒಂದಿದೆ, ನನ್ನ ಉತ್ತರ ಬೇರೆ ಇದೆ.

ಕಾನೂನಿಂದು ಚಿಕ್ಕದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳೋಕೆ ಕೇಂದ್ರ ಸರ್ಕಾರದ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ, ಅಂದ್ರೆ ಆರ್‌ಸಿಐ, ಒಪ್ಪಿದ ಓದು ಬೇಕು. ಸೈಕಾಲಜಿಯಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್., ಅದೂ ಮೇಲ್ವಿಚಾರಣೆಯಲ್ಲಿ ರೋಗಿಗಳ ಜೊತೆ ಕಲಿತಿದ್ದು. ಆಮೇಲೆ ಆರ್‌ಸಿಐ ನೋಂದಣಿ ನಂಬರು. ನಂಬರಿಲ್ಲದೆ ಕೆಲಸ ಮಾಡಿದರೆ 1992ರ ಆರ್‌ಸಿಐ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು, ಇಲ್ಲಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಸಾವಿರ ರೂಪಾಯಿ! ನಗಬೇಡ, ಬೋರ್ಡು ಬರೆಸೋಕೆ ಅದಕ್ಕಿಂತ ಜಾಸ್ತಿ ಆಗತ್ತೆ.

ನನ್ನ ಉತ್ತರಕ್ಕೆ ಒಂದು ಕಥೆ ಹೇಳಬೇಕು. ಗುರುತು ಸಿಗದ ಹಾಗೆ ಒಂದಿಷ್ಟು ತಿರುಚಿದ್ದೀನಿ, ಮುಖ್ಯವಾದದ್ದು ತಿರುಚಿಲ್ಲ.

ನಾನು ಎಂ.ಫಿಲ್.ಗೆ ಸೇರಿ ಎರಡನೇ ತಿಂಗಳು. ದೊಡ್ಡವರ ವಾರ್ಡಿನಲ್ಲಿ ಪೋಸ್ಟಿಂಗ್. ಮಂಡ್ಯ ಕಡೆಯ ಹೆಂಗಸು, ಐವತ್ತರ ಆಸುಪಾಸು. ಊಟ ಇಲ್ಲ, ನಿದ್ದೆ ಇಲ್ಲ, ಯಾವಾಗಲೂ ಮಂಕಾಗಿ ಕೂತಿರ್ತಾಳೆ ಅಂತ ಮಗ ಕರಕೊಂಡು ಬಂದಿದ್ದ. ನನ್ನ ಕೈಯಲ್ಲಿ ಹೊಸ ಕ್ಲಿಪ್‌ಬೋರ್ಡು, ಅದರಲ್ಲಿ ಪ್ರಶ್ನೆಗಳ ಪಟ್ಟಿ. ಗಮನ ಎಷ್ಟು ನಿಲ್ಲತ್ತೆ ಅಂತ ನೋಡೋಕೆ ನೂರರಿಂದ ಏಳು ಕಳೀತಾ ಹೋಗೋಕೆ ಹೇಳೋದು ನಿಂಗೂ ಗೊತ್ತಲ್ಲ, ತೊಂಬತ್ತಮೂರು, ಎಂಬತ್ತಾರು, ಹೀಗೆ. ಹೇಳಿದೆ. ಆಯಮ್ಮ ನನ್ನ ಮುಖ ನೋಡಿ, "ಏಳು ಯಾರಿಗೆ ಕೊಡ್ಬೇಕಪ್ಪಾ?" ಅಂದರು.

ನಾನು "ಯಾರಿಗೂ ಇಲ್ಲಮ್ಮ, ಸುಮ್ನೆ ಕಳೀರಿ" ಅಂದೆ. ಸುಮ್ಮನಾದರು. ಗಮನ ನಿಲ್ಲುವುದಿಲ್ಲ ಅಂತ ಬರಕೊಂಡೆ. ಆಮೇಲೆ ಗಾದೆ. ಕೈ ಕೆಸರಾದರೆ ಬಾಯಿ ಮೊಸರು, ಇದರ ಅರ್ಥ ಏನು? "ಕೆಸರಿಗಿಳಿದು ನಾಟಿ ಮಾಡುದ್ರೆ ಹುಲ್ಲಾಯ್ತದೆ, ಹುಲ್ಲಿದ್ರೆ ಎಮ್ಮೆ, ಎಮ್ಮೆ ಇದ್ರೆ ಮೊಸ್ರು" ಅಂದರು. ಗಾದೆಯನ್ನ ಅಕ್ಷರಶಃ ತಗೊಂಡರು, ಅಮೂರ್ತ ಯೋಚನೆ ಕಡಿಮೆ, ಅಂತ ಅದನ್ನೂ ಬರಕೊಂಡೆ. ಇಂಗ್ಲಿಷಿನಲ್ಲಿ, ನೀಟಾಗಿ. ಬೀಗಿಕೊಂಡೇ ಹೋಗಿ ನನ್ನ ಮೇಲ್ವಿಚಾರಣೆ ಮಾಡ್ತಿದ್ದ ಮೇಡಂಗೆ ತೋರಿಸಿದೆ.

ಮೇಡಂ ಗಾದೆ ಹತ್ತಿರ ಒಂದು ಸಲ ಮೂಗು ಮುರಿದರು. ಗದ್ದೆಯಲ್ಲಿ ಬದುಕಿದೋರಿಗೆ ಅದು ಗಾದೆಯೂ ಹೌದು, ಲೆಕ್ಕವೂ ಹೌದು. ನಗರದಲ್ಲಿ ಪ್ಯಾಕೆಟ್ ಮೊಸರು ತಿನ್ನೋ ನೀನು ಅದಕ್ಕೆ ಮಾರ್ಕ್ಸ್ ಹಾಕ್ತೀಯಾ ಅಂದರು. ಅದೇನೂ ದೊಡ್ಡ ಬೈಗುಳವಲ್ಲ. ಆಮೇಲೆ ಹಿಂದಿನ ಸಾಲಿಗೆ ಹೋಗಿ ನಿಂತರು. "ಏಳು ಯಾರಿಗೆ ಕೊಡಬೇಕು ಅಂದರಾ? ಆಮೇಲೆ ನೀನೇನು ಕೇಳಿದೆ?"

ನಾನು ಏನೂ ಕೇಳಿರಲಿಲ್ಲ ಮಂಜ. ಎಂಬತ್ತಾರಕ್ಕೆ ಕಾಯ್ತಾ ಇದ್ದೆ.

ಮೇಡಂ ಎದ್ದು ಹೋಗಿ ಆಯಮ್ಮನ ಮಂಚದ ತುದಿಯಲ್ಲಿ ಕೂತರು. ನಾನು ಗೋಡೆಗೆ ಅಂಟಿಕೊಂಡು ನಿಂತೆ. ಮಳೆ ವಿಚಾರ, ಎಮ್ಮೆ ವಿಚಾರ, ಮಗನ ವಿಚಾರ. ಆಯಮ್ಮ ಊರಲ್ಲಿ ಚೀಟಿ ನಡೆಸ್ತಾ ಇದ್ದೋರಂತೆ, ಇಪ್ಪತ್ತು ಜನರದ್ದು, ಎಲ್ಲಾ ಲೆಕ್ಕ ಬಾಯಲ್ಲೇ. ಹಿಂದಿನ ತಿಂಗಳು ಚೀಟಿ ಅರ್ಧಕ್ಕೇ ನಿಲ್ಲಿಸಿ ಎಲ್ಲರ ದುಡ್ಡೂ ವಾಪಸು ಕೊಟ್ಟಿದ್ದರು. ಅಂಗಡಿ ಬಾಕಿ ತೀರಿಸಿದ್ದರು. ಓಲೆ ಬಿಚ್ಚಿ ಸೊಸೆ ಕೈಗೆ ಕೊಟ್ಟಿದ್ದರು. ಮಗ ಇದನ್ನೆಲ್ಲ ನನಗೆ ಹೇಳಿರಲಿಲ್ಲ, ಅವನಿಗೆ ಅದು ರೋಗದ ಸಂಗತಿ ಅಂತಲೇ ಅನ್ನಿಸಿರಲಿಲ್ಲ. ನಾನಂತೂ ಕೇಳಿರಲಿಲ್ಲ. ಮೇಡಂ ದನಿ ಎತ್ತದೆ, ಇಳಿಸದೆ ಕೇಳಿದರು: "ಸಾಯ್ಬೇಕು ಅನ್ನಿಸ್ತಿದೆಯೇನವ್ವ?"

"ಹೂಂ ಕಣವ್ವ. ಯಾರ ಋಣಾನೂ ಇಟ್ಕಂಡು ಹೋಗ್ಬಾರ್ದಲ್ಲ."

ಅವತ್ತು ರಾತ್ರಿಯಿಂದ ಪಕ್ಕದಲ್ಲಿ ಸದಾ ಒಬ್ಬರು ಇರೋ ಹಾಗೆ ವ್ಯವಸ್ಥೆ ಆಯ್ತು, ಔಷಧಿ ಬದಲಾಯ್ತು. ಕೆಲವು ವಾರ ಬಿಟ್ಟು ಮನೆಗೆ ಹೋದರು. ಹೋಗೋ ದಿನ ಓಲೆ ಕಿವಿಯಲ್ಲಿತ್ತು. ನಾನು ಮೊದಲು ನೋಡಿದ್ದೇ ಅದನ್ನ.

ಸಾವಿನ ಬಗ್ಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗತ್ತೆ ಅಂತ ಆವರೆಗೆ ನಂಬಿದ್ದೆ. ಹಾಗಾಗಲ್ಲ ಅನ್ನೋದು ಪುಸ್ತಕದಲ್ಲೂ ಇತ್ತು, ಓದಿಯೂ ಇದ್ದೆ. ಬಾಯಿ ಬರಬೇಕಲ್ಲ? ಅಮ್ಮನ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಎಂ.ಎಸ್ಸಿ.ಯಲ್ಲಿ ನಾವು ಸಿದ್ಧಾಂತ ಕಲಿತ್ವಿ. ಆ ಎರಡು ವರ್ಷದಲ್ಲಿ ಕಲಿತಿದ್ದು, ನಾನು ತಪ್ಪು ಮಾಡ್ತಾ ಇರ್ತೀನಿ, ಅದನ್ನ ಹಿಡಿಯೋರು ಹಿಂದೆ ಇರಬೇಕು ಅನ್ನೋದು. ನೀನು ವರ್ಷಕ್ಕೊಂದು ಆಡಿಟ್ಟಿಗೆ ನಿದ್ದೆಗೆಡ್ತೀಯ. ನಮಗೆ ದಿನಾ ಆಡಿಟ್. ಮೊದಲ ವರ್ಷ ಐದು ಪೂರ್ತಿ ರೋಗನಿರ್ಣಯದ ವರದಿ, ಎರಡನೇ ವರ್ಷ ಐದು ಚಿಕಿತ್ಸೆಯ ದಾಖಲೆ, ಜೊತೆಗೊಂದು ಪ್ರಬಂಧ. ಐದೇನಾ ಅನ್ನಬೇಡ. ಒಂದೊಂದು ಕೇಸೂ ನಾಲ್ಕೈದು ಸಲ ಕೆಂಪು ಶಾಯಿಯಲ್ಲಿ ಮಿಂದು ಬಂದಿರತ್ತೆ. ನಡುವೆ ಮಕ್ಕಳ ವಿಭಾಗ, ಕುಡಿತ ಬಿಡಿಸೋ ವಿಭಾಗ, ನ್ಯೂರೋ ವಿಭಾಗ ಅಂತ ಪೋಸ್ಟಿಂಗ್ ತಿರುಗ್ತಾ ಇರತ್ತೆ.

ಇನ್ನೊಂದು, ಭಾಷೆ. ನಮ್ಮ ಓದು ಪೂರಾ ಇಂಗ್ಲಿಷು, ರೋಗಿ ಪೂರಾ ಕನ್ನಡ. ಆಸ್ಪತ್ರೆಯಲ್ಲಿ ಇದುವರೆಗೆ ಒಬ್ಬ ರೈತನೂ "ನನಗೆ ಖಿನ್ನತೆ" ಅಂದಿದ್ದು ನಾನು ಕೇಳಿಲ್ಲ. ಎದೆ ಉರಿ ಅಂತಾರೆ, ಜೀವ ಝಲ್ಲಂತದೆ ಅಂತಾರೆ, ಮೈಯೆಲ್ಲಾ ಸೋತೋಗದೆ ಅಂತಾರೆ. ಧಾರವಾಡ ಕಡೆಯೋರು "ಬ್ಯಾಸರ" ಅಂದರೆ ಅದು ಬೇಜಾರೋ, ದುಃಖವೋ, ಮುನಿಸೋ, ಮತ್ತೆ ಕೇಳಿಯೇ ತಿಳೀಬೇಕು. ಇದು ಹೊಸ ಸಮಸ್ಯೆಯೇನಲ್ಲ. ಫ್ರಾನ್ಸಿನ ಬಿನೆ ಮಾಡಿದ ಬುದ್ಧಿಪರೀಕ್ಷೆಯನ್ನ ವಿ.ವಿ. ಕಾಮತ್ ಅನ್ನೋರು ನಮ್ಮ ಮಕ್ಕಳಿಗೆ ಹೊಂದಿಸಿ ಕನ್ನಡ, ಮರಾಠಿ ಎರಡಕ್ಕೂ ತಂದಿದ್ದು ಧಾರವಾಡದ ಮಕ್ಕಳನ್ನ ಕೂರಿಸಿಕೊಂಡೇ, 1930ರ ದಶಕದಲ್ಲಿ. ನಿನ್ನ ಮಗಳಿಗೆ ಕನ್ನಡ ಚೆನ್ನಾಗಿ ಬರತ್ತೆ ಅನ್ನೋದು ಅವಳ ಬಯೋಡೇಟಾದಲ್ಲಿ ಕಾಣದ ದೊಡ್ಡ ಅರ್ಹತೆ. ಅವಳಿಗೆ ಹೇಳು.

ಈಗ ತಲೆನೋವಿನ ಭಾಗ. ಎಂ.ಫಿಲ್. ಅನ್ನೋದೇ ಮುಗೀತಾ ಬಂದಿದೆ. 2020ರ ಶಿಕ್ಷಣ ನೀತಿ ಅದನ್ನ ಬೇಡ ಅಂತು, 2022ರಲ್ಲಿ ವಿಶ್ವವಿದ್ಯಾಲಯಗಳನ್ನ ನೋಡಿಕೊಳ್ಳೋ ಯುಜಿಸಿ ನಿಯಮ ಮಾಡ್ತು. ನಮ್ಮ ವಿಷಯಕ್ಕೂ ಸೈಕಿಯಾಟ್ರಿಕ್ ಸೋಶಿಯಲ್ ವರ್ಕಿಗೂ ಮಾತ್ರ 2025-26ರವರೆಗೆ ಅಂತ 2024ರ ಜನವರಿಯಲ್ಲಿ ವಿನಾಯಿತಿ ಕೊಟ್ಟರು. ಅದರ ಜಾಗಕ್ಕೆ ಬೇರೆ ಹೆಸರಿನ ಕೋರ್ಸುಗಳು ಬರ್ತಿವೆ. 2025ರಲ್ಲಿ ದೂರಶಿಕ್ಷಣ, ಆನ್‌ಲೈನ್‌ನಲ್ಲಿ ಸೈಕಾಲಜಿ ಪದವಿ ಕೊಡೋದನ್ನೂ ನಿಲ್ಲಿಸೋಕೆ ಯುಜಿಸಿ ಹೇಳಿದೆ. ಹಾಗಾಗಿ ಆ ಆರು ತಿಂಗಳ ಡಿಪ್ಲೊಮಾದೋರ ಮಾತು ಕೇಳಬೇಡ. ಹೆಸರು ಏನಾದರೂ ಇರಲಿ, ದುಡ್ಡು ಕಟ್ಟೋ ಮೊದಲು ಆ ಕೋರ್ಸಿಗೆ, ಆ ಕಾಲೇಜಿಗೆ, ಅದೇ ವರ್ಷಕ್ಕೆ ಆರ್‌ಸಿಐ ಮಾನ್ಯತೆ ಇದೆಯಾ ಅಂತ ಅವರ ವೆಬ್‌ಸೈಟಿನಲ್ಲೇ ನೋಡು. ಕಾಲೇಜಿನ ಬ್ರೋಶರ್ ನಂಬಬೇಡ. ಅಲ್ಲಿ ಈಗ ಓದ್ತಿರೋ ಹುಡುಗರನ್ನ ಹಿಡಿದು, ನಿಮ್ಮ ಕೇಸು ವಾರಕ್ಕೆ ಎಷ್ಟು ಸಲ ಯಾರು ಓದ್ತಾರೆ ಅಂತ ಕೇಳು. ತಡವರಿಸಿದರೆ ವಾಪಸು ಬಂದುಬಿಡು. ಕೆಲವು ಕಡೆ ಸ್ಟೈಪೆಂಡ್ ಕೊಡ್ತಾರೆ, ಕೆಲವು ಖಾಸಗಿ ಕಡೆ ಲಕ್ಷಗಟ್ಟಲೆ ಕಟ್ಟಿಸಿಕೊಳ್ತಾರೆ. ಬ್ಯಾಂಕಿನೋನಿಗೆ ಅದನ್ನ ನಾನು ವಿವರಿಸಬೇಕಾಗಿಲ್ಲ.

ನೆನಪಿದೆಯಾ, ಮಾನಸಗಂಗೋತ್ರಿಯಲ್ಲಿ ನೀನು ಹೇಳ್ತಿದ್ದದ್ದು? 1924ರಲ್ಲಿ ಮೈಸೂರಲ್ಲಿ ಸೈಕಾಲಜಿ ವಿಭಾಗ ಶುರು ಮಾಡಿದ ಗೋಪಾಲಸ್ವಾಮಿಯವರೇ 1935ರಲ್ಲಿ ಮನೆಯಲ್ಲಿ ರೇಡಿಯೋ ಸ್ಟೇಷನ್ ಇಟ್ಟರು, ಆದ್ದರಿಂದ ಇದನ್ನ ಓದಿದೋರು ಕೊನೆಗೆ ಬೇರೇನೋ ಮಾಡ್ತಾರೆ ಅಂತ. ಎಂ.ಫಿಲ್. ಪಟ್ಟಿಯಲ್ಲಿ ನಿನ್ನ ಹೆಸರು ಬರದೇ ಇದ್ದಾಗಲೂ ಅದೇ ಜೋಕು ಹೇಳಿ ನಕ್ಕೆ. ನಾನೂ ನಕ್ಕೆ. ಪ್ರವೇಶ ಪರೀಕ್ಷೆಯನ್ನ ಒಂದೇ ಕೋಣೆಯಲ್ಲಿ, ನನ್ನ ಹಿಂದಿನ ಬೆಂಚಿನಲ್ಲಿ ಕೂತು ಬರೆದಿದ್ದೋನು ನೀನು. ಅವತ್ತು ನಿನ್ನನ್ನ ಏನಾದರೂ ಕೇಳಬೇಕಿತ್ತು. ಕೇಳಲಿಲ್ಲ.

ಅದಕ್ಕೇ ಈಗ ಕೇಳ್ತೀನಿ, ಸಿಟ್ಟಾಗಬೇಡ. ಇದು ಅವಳ ಆಸೆಯೋ, ನಿನ್ನ ಹಳೇ ಬಾಕಿಯೋ? ಮೂರು ನಿಮಿಷದ ಮೆಸೇಜಿನಲ್ಲಿ ಅವಳು ಹೀಗಂದಳು ಅನ್ನೋ ಮಾತು ಒಂದು ಸಲವೂ ಬರಲಿಲ್ಲ. ಸ್ಕೂಲಿನ ಮಕ್ಕಳ ಜೊತೆ ಕೆಲಸ ಮಾಡೋದು ಅವಳಿಗೆ ಇಷ್ಟ ಇದ್ದರೆ ಅದಕ್ಕೆ ದಾರಿ ಬೇರೆ, ವಾರ್ಡಿನ ದಾರಿಯೇ ಆಗಬೇಕಿಲ್ಲ.

ಶನಿವಾರ ನನ್ನದು ಅರ್ಧ ದಿನ. ಒಂದೂವರೆಗೆ ಬರೋಕೆ ಹೇಳು, ನನ್ನ ರೂಮಿಗೆ ಅವಳೊಬ್ಬಳೇ ಬರಲಿ. ನೀನು ಜೊತೆಗೆ ಬಂದೇ ಬರ್ತೀಯ, ಗೊತ್ತು. ಕ್ಯಾಂಟೀನಿನಲ್ಲಿ ಕೂತಿರು, ಮದ್ದೂರು ವಡೆ ಚೆನ್ನಾಗಿರತ್ತೆ. ಅವಳನ್ನ ಕಳಿಸಿದ ಮೇಲೆ ನಾನೇ ಅಲ್ಲಿಗೆ ಬರ್ತೀನಿ.

ನಿನ್ನ,
ಶಿವು

ತಾ.ಕ.: ನಿಮ್ಮ ಬ್ರಾಂಚಿನ ಹುಡುಗ ಮೂರು ವಾರದಿಂದ ಸಪ್ಪಗಿದ್ದಾನೆ ಅಂದೆಯಲ್ಲ, ಅವನಿಗೆ ಟೆಲಿ ಮಾನಸ್, ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರು ಕೊಡು, 14416. ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕೊಟ್ಟು ಸುಮ್ಮನಾಗಬೇಡ, ಪಕ್ಕದಲ್ಲಿ ಕೂತು ಏನಾಗಿದೆ ಅಂತ ನೀನೂ ಕೇಳು.