ದಾಖಲಾತಿ ದಿನವೇ ಜಾತಿಯ ಕಾಲಂ ನೋಡಿ

ಮಾನ್ಯರೇ,

ಫುಲೆ ದಂಪತಿ 1848ರಲ್ಲಿ ಭಿಡೆವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಊರು ಪುಣೆ. ಇದೇ ಊರಿಗೆ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಬಂದ ದಲಿತರ ಮಕ್ಕಳು ಹನ್ನೆರಡನೆಯ ತರಗತಿವರೆಗೆ ಚೆನ್ನಾಗಿಯೇ ಓದುತ್ತಾರೆ. ಮುಂದೆ ಎಂಜಿನಿಯರಿಂಗ್ ಸೀಟಿನ ಹೊತ್ತಿಗೆ ಜಾತಿ ಪ್ರಮಾಣಪತ್ರಕ್ಕಾಗಿ ಪರದಾಡುತ್ತಾರೆ. ಎಷ್ಟೋ ಸಲ ಎಡವಟ್ಟು ಆಗಿರುವುದು ಒಂದನೆಯ ತರಗತಿಯ ಜನರಲ್ ರಿಜಿಸ್ಟರಿನಲ್ಲಿ, ಅಂದರೆ ಶಾಲೆಯ ದಾಖಲಾತಿ ಪುಸ್ತಕದಲ್ಲಿ.

ದಾಖಲಾತಿ ದಿನ ಜಾತಿ ಕೇಳಿದಾಗ ಪಾಲಕರು 'ಹರಿಜನ' ಅನ್ನುತ್ತಾರೆ, ಇಲ್ಲವೇ ಸಂಕೋಚಪಟ್ಟು 'ಹಿಂದೂ' ಎಂದಷ್ಟೇ ಬರೆಸುತ್ತಾರೆ. ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಇವೆರಡೂ ಇಲ್ಲ. ಹೊಲೆಯ, ಮಾದಿಗ, ಛಲವಾದಿ ಎಂದು ಇದ್ದದ್ದನ್ನೇ ಬರೆಸಬೇಕು. ಇವು ಮಹಾರಾಷ್ಟ್ರದ ಪಟ್ಟಿಯಲ್ಲೂ ಇವೆ. ಆ ಸಂಕೋಚವನ್ನು ಹೇರಿದವರು ಯಾರೆಂದು ಗೊತ್ತಿದೆ. ಅದರ ದಂಡವನ್ನು ಮಗು ಯಾಕೆ ತೆರಬೇಕು?

ಎರಡನೆಯ ತೊಡಕು ಅಡ್ಡಹೆಸರು. ಅಪ್ಪನ ಊರಿನ ಟಿಸಿಯಲ್ಲಿ (ಶಾಲೆಯ ವರ್ಗಾವಣೆ ಪತ್ರದಲ್ಲಿ) 'ಹಣಮಂತ ತಂದೆ ಭೀಮಪ್ಪ' ಎಂದಿರುತ್ತದೆ. ಇಲ್ಲಿ ಅಡ್ಡಹೆಸರು ಬೇಕೇ ಬೇಕು ಎಂದಾಗ ಮಗಳ ಹೆಸರಿನ ಮುಂದೆ 'ಕಾಂಬಳೆ' ಸೇರುತ್ತದೆ. ಮುಂದೆ ಜಾತ ಪಡತಾಳಣಿ ಸಮಿತಿ (ಜಾತಿ ಪ್ರಮಾಣಪತ್ರ ಪರಿಶೀಲಿಸುವ ಸರ್ಕಾರಿ ಸಮಿತಿ) ವಂಶಾವಳಿ ಕೇಳಿದಾಗ ಅಪ್ಪ–ಮಗಳ ಕಾಗದ ತಾಳೆಯಾಗುವುದಿಲ್ಲ. ಅಪ್ಪನ ಟಿಸಿ ನಕಲನ್ನು ಊರಿನ ಶಾಲೆಯಿಂದ ತರಿಸಿ, ಅದರಲ್ಲಿದ್ದಂತೆಯೇ ಅಕ್ಷರ ಅಕ್ಷರ ಬರೆಸಿ. ಮಗು ಶಾಲೆ ಬಿಟ್ಟ ಮೇಲೆ ರಿಜಿಸ್ಟರ್ ತಿದ್ದಿಸುವುದು ಬಲು ಕಷ್ಟ, ಹತ್ತನೆಯ ತರಗತಿಗೆ ಮೊದಲೇ ಮುಗಿಸಿಕೊಳ್ಳಿ. ಇನ್ನು ಮಗುವಿನದೇ ಟಿಸಿ ಬಂದಿಲ್ಲವೆಂದು 6ರಿಂದ 14 ವರ್ಷದ ಮಕ್ಕಳಿಗೆ ಪ್ರವೇಶ ನಿರಾಕರಿಸಲು ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅವಕಾಶವೇ ಇಲ್ಲ.

ಪರಿಶಿಷ್ಟ ಜಾತಿಯವರಿಗೆ ಮಹಾರಾಷ್ಟ್ರ ರಾಜ್ಯದ ಮೀಸಲಾತಿ ಬೇಕಾದರೆ 10 ಆಗಸ್ಟ್ 1950ಕ್ಕೆ ಮೊದಲೇ ಕುಟುಂಬ ಈಗಿನ ಮಹಾರಾಷ್ಟ್ರದ ಗಡಿಯೊಳಗೆ ನೆಲೆಸಿತ್ತೆಂದು ತೋರಿಸಬೇಕು. ಅಜ್ಜನ ಶಾಲಾ ದಾಖಲೆ, ಮಿಲ್ ಅಥವಾ ಖಡಕಿಯ ಮದ್ದುಗುಂಡು ಕಾರ್ಖಾನೆಯ ಸೇವಾ ಪುಸ್ತಕ, ಚಾಳಿನ ಬಾಡಿಗೆ ರಸೀದಿ ಇದ್ದರೆ ಜೋಪಾನವಾಗಿಡಿ. ಆಮೇಲೆ ಬಂದವರು ಎಲ್ಲ ಬಾಗಿಲೂ ಮುಚ್ಚಿತೆಂದು ಕೈಚೆಲ್ಲಬೇಕಿಲ್ಲ. ತಂದೆಗೆ ಕರ್ನಾಟಕದಲ್ಲಿ ಕೊಟ್ಟ ಪ್ರಮಾಣಪತ್ರದ ಆಧಾರದ ಮೇಲೆ ಇಲ್ಲಿಯೂ ಪ್ರಮಾಣಪತ್ರ ಸಿಗುತ್ತದೆ. ಅದು ಐಐಟಿ, ಕೇಂದ್ರೀಯ ವಿಶ್ವವಿದ್ಯಾಲಯ, ಕೇಂದ್ರ ಸರ್ಕಾರದ ನೌಕರಿಗೆ ನಡೆಯುತ್ತದೆ, ರಾಜ್ಯದ ಸೀಟಿಗೆ ನಡೆಯುವುದಿಲ್ಲ. ಈ ಭೇದ ತಿಳಿಯದೆ ಎಷ್ಟೋ ಮಕ್ಕಳು ಜೆಇಇ ಅರ್ಜಿಯನ್ನೂ ಸಾಮಾನ್ಯ ವರ್ಗದಲ್ಲಿ ತುಂಬುತ್ತಾರೆ. ಲಂಬಾಣಿಗರ ಪಾಡು ಇನ್ನೂ ಜಟಿಲ: ವಿಜಯಪುರದ ತಾಂಡಾದಲ್ಲಿ ಪರಿಶಿಷ್ಟ ಜಾತಿ, ಪುಣೆಯಲ್ಲಿ ವಿಮುಕ್ತ ಜಾತಿ, ಅಂದರೆ ಪರಿಶಿಷ್ಟ ಪಟ್ಟಿಗೆ ಸೇರದ ರಾಜ್ಯದ ಬೇರೆಯೇ ವರ್ಗ. ಒಂದೇ ಮನೆತನಕ್ಕೆ ಎರಡು ಲೆಕ್ಕ, ಇದು ಅನ್ಯಾಯವೇ.

ಪುಣೆ, ಮುಂಬಯಿಯ ಕನ್ನಡ ಸಂಘಗಳು ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ತೋರುವ ಹುರುಪನ್ನು ಜೂನಿನಲ್ಲೂ ತೋರಲಿ. ಶಾಲೆ ಶುರುವಾಗುವ ವಾರ ಕೂಲಿಕಾರರ ವಸತಿಗಳಲ್ಲಿ ಒಂದೊಂದು ಮೇಜು ಹಾಕಿ, ಮರಾಠಿ ಅರ್ಜಿ ಓದಬಲ್ಲ ಇಬ್ಬರನ್ನು ಕೂರಿಸಿ. ಕೆಲಸ ಬಿಟ್ಟು ಬಂದವರ ಅಂದಿನ ಕೂಲಿ ಮುಳುಗುತ್ತದೆ, ಆದ್ದರಿಂದ ಸಂಜೆ ಏಳರ ಮೇಲೆ.

– ಒಬ್ಬ ಓದುಗ, ಪುಣೆ